ಒಲ್ಲೆ ಎನ್ನದ ಉಡಿ

ಈಗ ದವಾಖಾನೆಯ ಗೋಡೆಗಳ ಮೇಲೆ ಬೋರ್ಡು ತೂಗುಹಾಕಿರುತ್ತಾರೆ: ಇಲ್ಲಿ ಕೆಲಸ ಮಾಡುವವರ ಮೇಲೆ ಕೈ ಮಾಡಿದರೆ ಶಿಕ್ಷೆ. ಅದನ್ನು ಓದಿದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಹೊಡೆದವನಿಗೆ ಶಿಕ್ಷೆಯಾಗಬೇಕಾದರೆ ಹೊಡೆಸಿಕೊಂಡವರು ಕೊನೆಯವರೆಗೂ ಬಾಯಿ ಬಿಟ್ಟು ಹೇಳಬೇಕು. ಆ ಬಾಯಿ ಮುಚ್ಚಿಸುವವರು ಹೊರಗಿನವರಾದರೆ ಹೇಗೋ ತಡೆದುಕೊಳ್ಳಬಹುದು. ನನ್ನ ಬಾಯಿ ಮುಚ್ಚಿಸಿದವಳನ್ನು ನಾನು ಅಕ್ಕಾ ಎಂದು ಕರೆಯುತ್ತಿದ್ದೆ.

ಆಗಿನ್ನೂ ನಮ್ಮ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಬಳ್ಳಾರಿಯಲ್ಲಿ ಹೆರಿಗೆ ಕೆಲಸ ಕಲಿತ ನನ್ನನ್ನು ಸಿರುಗುಪ್ಪದ ಕಡೆಯ ಒಂದು ಸಣ್ಣ ದವಾಖಾನೆಗೆ ಹಾಕಿದ್ದರು. ನನ್ನ ಗಂಡ ಬಳ್ಳಾರಿಯಲ್ಲಿ ಮಾಸ್ತರರು, ಹದಿನೈದು ದಿನಕ್ಕೊಮ್ಮೆ ಬಸ್ಸಿಗೆ ಬಂದು ಹೋಗುತ್ತಿದ್ದರು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ಊರಿನ ಅರ್ಧ ಕೂಸುಗಳನ್ನು ನನ್ನ ಕೈಯಲ್ಲೇ ಎತ್ತಿಕೊಂಡು, ನನ್ನದೇ ಮಡಿಲು ಖಾಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಜನ ಅದನ್ನು ನನ್ನ ಮುಖಕ್ಕೇ ಹೇಳುತ್ತಿದ್ದರು, ನಾಚಿಕೆಯೇನೂ ಪಡುತ್ತಿರಲಿಲ್ಲ.

ಹೆರಿಗೆಗೆ ನನ್ನ ಜೊತೆ ಬರುತ್ತಿದ್ದವಳು ಆಯಮ್ಮ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ನನ್ನ ತವರೂರು ಕುರುಗೋಡಿನವಳೇ. ಡಾಕ್ಟರಿಗೆ ಹೇಳಿ ನಾನೇ ಆಕೆಯನ್ನು ಕೆಲಸಕ್ಕೆ ಹಾಕಿಸಿದ್ದೆ. ತಗಡಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಮುಂದೆ ನಡೆಯುವವಳು ಆಕೆ, ಹಿಂದೆ ನಾನು. ನೀರು ಕಾಯಿಸುವುದು, ಕತ್ತರಿ ಕುದಿಸುವುದು, ಕೋಣೆಯಲ್ಲಿ ತುಂಬಿಕೊಂಡ ಹೆಂಗಸರನ್ನು ಹೊರಗಟ್ಟುವುದು ಎಲ್ಲ ಆಕೆಯದೇ. ಯಾವ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು, ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ನೋಡಿಕೋ ಅನ್ನುತ್ತಿದ್ದಳು. ಎಷ್ಟು ಬೈಗುಳ ತಿಂದಿದ್ದೆವೋ ಲೆಕ್ಕವಿಲ್ಲ. ಕೂಸು ಹೆಣ್ಣಾದರೆ ನಮಗೆ ಬೈಗುಳ, ತಡವಾದರೆ ಬೈಗುಳ, ಹೊಕ್ಕುಳ ಕೊಯ್ಯಲು ಸೂಲಗಿತ್ತಿಯ ಕುಡುಗೋಲು ಮುಟ್ಟಗೊಡದಿದ್ದರೆ ಅದಕ್ಕೂ ಬೈಗುಳ. ಅವೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆವು.

ಕೆಂಚನಗುಡ್ಡದ ದಾರಿಯಲ್ಲಿ ಒಂದು ದೊಡ್ಡ ಒಕ್ಕಲುಮನೆ. ಡಾಕ್ಟರು ಇದ್ದ ಮನೆ ಕೂಡ ಅವರದೇ. ಆ ಮನೆಯ ಕಿರಿಯ ಸೊಸೆಗೆ ಎರಡು ದಿನದಿಂದ ನೋವು ಎಂದು ಬಂಡಿ ಕಳಿಸಿದರು. ನಾವು ಹೋಗಿ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಗಂಡು ಕೂಸು ಹುಟ್ಟಿತು, ಅತ್ತಿತು. ಪಡಸಾಲೆಯಲ್ಲಿ ಸಕ್ಕರೆ ಹಂಚುವ ಸದ್ದೂ ಕೇಳಿಸಿತು. ಅಷ್ಟರಲ್ಲಿ ಬಾಣಂತಿಗೆ ನೆತ್ತರು ಹೋಗಲು ಶುರುವಾಯಿತು. ರಕ್ತ ನಿಲ್ಲಿಸುವ ಸೂಜಿ ಹಾಕಿದೆ. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಗರ್ಭಚೀಲ ಕಲ್ಲಿನಂತೆ ಗಟ್ಟಿಯಾಗುವವರೆಗೂ ತಿಕ್ಕಿ ಒತ್ತಿ ಹಿಡಿಯಬೇಕು. ಆ ಕೈ ತೆಗೆದರೆ ಹೆಂಗಸು ಕೈಬಿಟ್ಟು ಹೋಗುತ್ತಾಳೆ. ಅದನ್ನೇ ಮಾಡುತ್ತಿದ್ದೆ. ಬಾಣಂತಿ ಕಣ್ಣು ಮೇಲೆ ಮಾಡಿದಳು.

ಬಾಗಿಲಲ್ಲಿ ಇಣುಕಿದ ಯಾರೋ ಹೆಂಗಸು, ನರ್ಸಮ್ಮ ಸೂಜಿ ಚುಚ್ಚಿ ಕೊಂದಳು ಎಂದು ಕೂಗಿಕೊಂಡಳು. ಬಾಣಂತಿಯ ಭಾವ, ಮನೆಯ ಹಿರಿಯ ಮಗ, ಎತ್ತು ಹೊಡೆಯುವ ಬಾರುಕೋಲು ಹಿಡಿದು ಒಳಗೆ ಬಂದ. ಮೊದಲ ಪೆಟ್ಟು ನನ್ನ ಬೆನ್ನಿಗೆ ಬಿತ್ತು, ಎರಡನೆಯದು ಕುತ್ತಿಗೆಗೆ. ನಾನು ಎದ್ದು ಓಡಬಹುದಿತ್ತು, ಬಾಗಿಲು ಎಲ್ಲಿದೆ ಎಂದು ಗೊತ್ತಿತ್ತು. ಆದರೆ ಕೈ ಹೊಟ್ಟೆಯ ಮೇಲಿತ್ತು.

ಆಯಮ್ಮ ಕತ್ತರಿ ಕೆಳಗಿಟ್ಟು ಓಡಿಬಂದಳು. ನನ್ನ ಬೆನ್ನ ಮೇಲೆ ಬಗ್ಗಿ, ಬಲಗೈ ಎತ್ತಿ ಅಡ್ಡ ಹಿಡಿದಳು. ಆಮೇಲಿನ ಪೆಟ್ಟುಗಳೆಲ್ಲ ಆಕೆಗೆ. ಎಲುಬು ಮುರಿದದ್ದು ನನ್ನ ಕಿವಿಗೇ ಕೇಳಿಸಿತು. ಅಷ್ಟಾದರೂ ಆಕೆ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿದಳು: “ಕೈ ತೆಗಿಬ್ಯಾಡಲೇ ತಂಗಿ.”

ತೆಗೆಯಲಿಲ್ಲ. ನೆತ್ತರು ನಿಂತಿತು. ಬಾಣಂತಿ ಕಣ್ಣು ತೆರೆದು ನೀರು ಕೇಳಿದಳು. ಹೊಡೆದವನು ಬಾರುಕೋಲು ಮೂಲೆಗಿಟ್ಟು ಹೊರಗೆ ಹೋದ. ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು ಯಾರ ಬಾಯಿಂದಲೂ ಬರಲಿಲ್ಲ. ಗಾಬರಿಯಾಗಿ ಮಾಡಿದ್ದು ಎಂದು ಬಾಣಂತಿಯ ಅತ್ತೆ ನೆಲ ನೋಡುತ್ತಾ ಹೇಳಿದಳು, ಅಷ್ಟೇ. ವಾಪಸ್ಸು ಬಂಡಿಯನ್ನೂ ಹೂಡಿಸಲಿಲ್ಲ. ಪೆಟ್ಟಿಗೆ ನಾನು ಹೊತ್ತೆ, ಆಯಮ್ಮ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು.

ಡಾಕ್ಟರು ಬಿದಿರಿನ ದಬ್ಬೆ ಕಟ್ಟಿದರು. ಮೊಣಕೈ ಹತ್ತಿರದ ಮುರಿತ, ಸರಿಯಾಗಿ ಕೂಡುವ ಲಕ್ಷಣವಿಲ್ಲ ಎಂದರು. ಡಾಕ್ಟರ ಹೆಂಡತಿ, ನಾನು ಅಕ್ಕಾ ಎನ್ನುತ್ತಿದ್ದವಳು, ನನ್ನ ಬೆನ್ನಿಗೆ ಅರಿಶಿನ ಅರೆದು ಹಚ್ಚುತ್ತಾ ಅತ್ತಳು. ಆ ಅಳು ನಿಜವಾದದ್ದೇ ಎಂದು ಈಗಲೂ ನಂಬುತ್ತೇನೆ. ಅದೇ ನನ್ನನ್ನು ಹೆಚ್ಚು ಉರಿಸುವುದು.

ನಾನು ಸುಮ್ಮನಿರಲಿಲ್ಲ. ಹಟ ಹಿಡಿದು ಡಾಕ್ಟರಿಂದಲೇ ಬಳ್ಳಾರಿಯಲ್ಲಿದ್ದ ಖಾತೆಯ ಸಾಹೇಬರಿಗೆ ಕಾಗದ ಬರೆಸಿದೆ. ಎರಡೇ ಕೇಳಿದ್ದೆ. ಹೆರಿಗೆಗೆ ಹೋಗುವಾಗ ನಮ್ಮ ಜೊತೆ ಜವಾನನನ್ನು ಕಳಿಸಬೇಕು. ಆಯಮ್ಮನ ಕೈ ಕೆಲಸದ ಮೇಲಿದ್ದಾಗ ಹೊಡೆತದಿಂದ ಮುರಿದದ್ದು ಎಂದು ದಾಖಲಾಗಬೇಕು. ದಾಖಲಾದರೆ ಆಕೆಗೆ ಬಾಗಿಲು ಕಾಯುವ ಹಗುರ ಕೆಲಸ ಕೊಟ್ಟು ಉಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಒಂದು ಕೈಯಲ್ಲಿ ನೀರು ಹೊರಲಾರದ ಆಯಾ ಯಾರಿಗೆ ಬೇಕು? ಮಕ್ಕಳಿಲ್ಲ ಮರಿಗಳಿಲ್ಲ, ಆಕೆಗೆ ಆ ಕೆಲಸವೇ ದಿಕ್ಕು. ಆಕೆ ನನ್ನನ್ನು ನಂಬಿ ನಿಶ್ಚಿಂತೆಯಾಗಿದ್ದಳು. ಸಾಹೇಬರು ಮಂಗಳವಾರ ವಿಚಾರಣೆಗೆ ಬರುತ್ತಾರೆ ಎಂದು ತಿಳಿದ ದಿನ, ನೀನು ಮಾತಾಡುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನನಗೆ ಮಾತು ಬರುವುದಿಲ್ಲ ಎಂದಳು.

ಅದರ ಹಿಂದಿನ ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಬಾ ಎಂದು ಅಕ್ಕ ಹೇಳಿಕಳಿಸಿದಳು. ಹೋದೆ. ಒಳಗೆ ಚಾಪೆಯ ಮೇಲೆ ಆ ಒಕ್ಕಲುಮನೆಯ ಅತ್ತೆ ಕುಳಿತಿದ್ದಳು. ಮುಂದೆ ಮೊರ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಐದು ಎಲೆ, ಹಸಿರು ಖಣ. ನನಗೆ ಮೈಯೆಲ್ಲ ಉರಿದುಹೋಯಿತು, ಹೊಸ್ತಿಲಲ್ಲೇ ನಿಂತೆ.

ಅಕ್ಕ ಬಂದು ನನ್ನ ಕೈ ಹಿಡಿದುಕೊಂಡಳು. ಹಸುಗೂಸಿರುವ ಮನೆಯ ಉಡಿ, ಬಂಜೆ ಹೊಟ್ಟೆಗೆ ಇದಕ್ಕಿಂತ ಒಳ್ಳೆಯದಿಲ್ಲ, ನಿನಗೋಸ್ಕರ ನಾನೇ ಕರೆಸಿದ್ದೇನೆ ಎಂದಳು. ಮಾತೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಮ್ಮ ಕಡೆ ಹಿರಿಯರು ಒಂದು ಕಟ್ಟಳೆ ಹೇಳುತ್ತಾರೆ: ಯಾರ ಮನೆಯ ಉಡಿ ತುಂಬಿಸಿಕೊಂಡೆಯೋ ಅವರ ಮೇಲೆ ದೂರು ಒಯ್ಯಬಾರದು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಬಾಯಿಬಿಟ್ಟು ಕೇಳಿದೆ, ಮಂಗಳವಾರದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ತಾನೇ ಎಂದು.

“ಹುಚ್ಚಿ, ಅದು ಗಂಡಸರ ಕಾಗದ. ಇದು ಹೆಣ್ಮಕ್ಕಳ ಅಕ್ಕಿ. ಬಂದ ಉಡಿ ಒಲ್ಲೆ ಅಂತಾರೇನು?”

ಒಲ್ಲೆ ಎನ್ನಲಾಗಲಿಲ್ಲ. ಬೇರೆಯವರ ಮೇಲೆ ಯಾಕೆ ಹಾಕಲಿ, ನನಗೆ ಕೂಸು ಬೇಕಿತ್ತು. ಸೆರಗು ಒಡ್ಡಿದೆ. ಅತ್ತೆ ಐದು ಬೊಗಸೆ ತುಂಬಿದಳು. ಬೆನ್ನ ಮೇಲಿನ ಬಾಸುಂಡೆ ಇನ್ನೂ ಮಾಸಿರಲಿಲ್ಲ, ಬಗ್ಗಿ ಆಕೆಯ ಕಾಲಿಗೂ ನಮಸ್ಕಾರ ಮಾಡಿದೆ.

ತುಂಬಿದ ಉಡಿ ಹಿಡಿದು ಬರುವಾಗ ದವಾಖಾನೆಯ ಕಟ್ಟೆಯ ಮೇಲೆ ಆಯಮ್ಮ ಕುಳಿತಿದ್ದಳು. ಯಾರ ಮನೆಯದು ಎಂದು ಕೇಳಿದಳು. ಅಕ್ಕನ ಮನೆಯದು ಎಂದೆ. ಸುಳ್ಳೇನಲ್ಲ, ಆದರೆ ನಿಜವೂ ಅಲ್ಲ. ಆಕೆ ಸಂತೋಷಪಟ್ಟು, ಬೇಗ ಹೊಟ್ಟೆ ಹಸಿರಾಗಲಿ ಎಂದು ಹರಸಿದಳು.

ಮಂಗಳವಾರ ಸಾಹೇಬರು ಬಂದರು. ತೆಲುಗಿನವರು, ಸಮಾಧಾನದ ಮನುಷ್ಯ. ಡಾಕ್ಟರ ಮನೆಯ ಪಡಸಾಲೆಯಲ್ಲಿ ಮೇಜು ಹಾಕಿದ್ದರು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಹೊಡೆದವನು, ಅವನ ಜೊತೆ ಊರಿನ ಹಿರಿಯನೊಬ್ಬ. ನಾನು ಒಂದೊಂದು ಪೆಟ್ಟನ್ನೂ ಬಿಡದೆ ಹೇಳಿದೆ. ಸಾಹೇಬರು ತಲೆ ಅಲ್ಲಾಡಿಸುತ್ತಾ ಬರೆದುಕೊಂಡರು. ಜವಾನನನ್ನು ಕಳಿಸುವ ಮಾತಿಗೆ, ಅದು ನ್ಯಾಯವೇ ಎಂದರು ಕೂಡ. ಆಯಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು, ಆಕೆಯ ಉಸಿರು ಸಡಿಲಾದದ್ದು ನನಗೆ ತಿಳಿಯಿತು.

ಆಗ ಆ ಹಿರಿಯ ಎದ್ದು ನಿಂತ. ದನಿ ಎತ್ತರಿಸಲಿಲ್ಲ.

“ಒಂದ ಮಾತು ಕೇಳತೀನ್ರಿ ನರ್ಸಮ್ಮಾರ. ಶುಕ್ರವಾರ ಇವರ ಮನಿ ಉಡಿ ತುಂಬಿಸ್ಕೊಂಡೀರೋ ಇಲ್ಲೋ?”

ಸಾಹೇಬರ ಪೆನ್ನು ನಿಂತಿತು. ಇಂಗ್ಲಿಷ್ ದೊರೆಯಾಗಿದ್ದರೆ ಉಡಿ ಎಂದರೇನೆಂದೇ ತಿಳಿಯುತ್ತಿರಲಿಲ್ಲ, ಬಚಾವಾಗುತ್ತಿದ್ದೆ. ಇವರ ಕಡೆಯೂ ಆ ಪದ್ಧತಿ ಇತ್ತು, ಕೂಡಲೇ ತಿಳಿಯಿತು. ನಾನು ಅಕ್ಕನ ಕಡೆ ನೋಡಿದೆ. ಒಳಬಾಗಿಲ ಹತ್ತಿರ ನಿಂತಿದ್ದಳು. ಒಂದು ಮಾತು ಅಂದಿದ್ದರೆ ಸಾಕಿತ್ತು: ಅದು ಬೇರೆ, ನಾನೇ ಕರೆಸಿದ್ದು ಎಂದು. ಆಕೆ ತಾಳಿಯ ಸರ ಸರಿಮಾಡಿಕೊಳ್ಳುತ್ತಾ ಒಳಗೆ ಹೋದಳು. ನಂಬಿದವರು ಕುತ್ತಿಗೆ ಕೊಯ್ಯುವಾಗ ಸದ್ದೇ ಆಗುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಹೌದು ಎಂದೆ. ಇನ್ನೇನು ಹೇಳಲಿ? ಸಾಹೇಬರು, ನಿಮ್ಮಲ್ಲಿ ರಾಜಿಯಾದ ಮೇಲೆ ನನ್ನನ್ನು ಯಾಕೆ ಕರೆಸಿದಿರಿ ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರು ಕನ್ನಡಕ ಒರೆಸಿಕೊಂಡರು. ನಾನು ಕೂಗಿದೆ. ಉಡಿ ತುಂಬಿದ್ದು ನನಗೆ, ಕೈ ಮುರಿದದ್ದು ಈಕೆಯದು, ಈಕೆಯ ಜೊತೆ ಯಾರು ರಾಜಿಯಾದರು ಎಂದು ಕೂಗಿದೆ. ಹಿರಿಯ ನಕ್ಕ.

“ಆಕಿಗೆ ಹೆಂಗ ಉಡಿ ತುಂಬತಾರವ್ವಾ, ಗಂಡ ಸತ್ತಾಕಿಗೆ?”

ಪಡಸಾಲೆಯಲ್ಲಿ ಇನ್ನೂ ಇಬ್ಬರು ಮೂವರು ನಕ್ಕರು. ಆಯಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಸಾಹೇಬರು ಎರಡು ಸಾಲು ಬರೆದು ಕಾಗದ ಮಡಿಸಿದರು. ಜವಾನನ ಮಾತು ಅಲ್ಲಿಗೇ ಬಿತ್ತು. ಊಟ ಆ ಒಕ್ಕಲುಮನೆಯಲ್ಲೇ ಇತ್ತು, ಎಲ್ಲರೂ ಬಂಡಿ ಹತ್ತಿ ಹೋದರು.

ಆಯಮ್ಮ ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ಲೇ ತಂಗಿ ಎನ್ನುತ್ತಿದ್ದವಳು, ಅವರ ಮನೆಯದು ಅಂತ ನನಗೊಂದು ಮಾತು ಹೇಳಬಾರದಿತ್ತೇನ್ರಿ ನರ್ಸಮ್ಮಾ ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಿಂಗಳೊಳಗೆ ಕೆಲಸಕ್ಕೆ ಆಗುವುದಿಲ್ಲ ಎಂದು ಆಕೆಯನ್ನು ಬಿಡಿಸಿದರು, ಆಕೆ ಕುರುಗೋಡಿಗೆ ವಾಪಸ್ಸು ಹೋದಳು. ಕಾಲುಜಾರಿ ಬಿದ್ದು ಕೈ ಊನವಾಯಿತು ಎಂದು ಕಾಗದದಲ್ಲಿತ್ತು, ಡಾಕ್ಟರದೇ ಅಕ್ಷರ.

ಅಕ್ಕನ ಮನೆಗೆ ಹೋಗಿ ಜಗಳವಾಡಿದೆ. ಆಕೆ ಸಿಟ್ಟಾಗಲೂ ಇಲ್ಲ. ನಾವು ಇರುವುದು ಅವರ ಮನೆಯಲ್ಲಿ, ನೀನೂ ಅವರ ಊರುಗಳಲ್ಲೇ ತಿರುಗಬೇಕು, ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದಳು. ಕುಡಿಯಲು ಮಜ್ಜಿಗೆ ತಂದಿಟ್ಟಳು. ನಾನು ಮುಟ್ಟದೆ ಎದ್ದು ಬಂದೆ, ಬಳ್ಳಾರಿಗೆ ವರ್ಗ ಕೇಳಿಕೊಂಡೆ.

ಮರುವರ್ಷ ನನಗೆ ದಿನ ನಿಂತವು. ಆ ಉಡಿಯ ಫಲ ಎಂದು ಜನ ಹೇಳಿದರು. ಏಳನೆಯ ತಿಂಗಳಿಗೆ ಅವ್ವ ಕುರುಗೋಡಿಗೆ ಕರೆಸಿಕೊಂಡು ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಳು. ಹಸಿರು ಸೀರೆ, ಹಸಿರು ಬಳೆ, ಐದು ಮಂದಿ ಮುತ್ತೈದೆಯರು, ಮತ್ತೆ ಅದೇ ಮೊರ. ಅದನ್ನು ನೋಡಿದೊಡನೆ ನನಗೆ ಕೂರಲಾಗಲಿಲ್ಲ. ಎದ್ದು ಹಿತ್ತಲ ಬಾಗಿಲಿಂದ ಆಯಮ್ಮನ ಮನೆಗೆ ಹೋದೆ.

ಅಂಗಳದಲ್ಲಿ ಕುಳಿತು ಎಡಗೈಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಬಲಗೈ ಮಡಿಲಲ್ಲಿ ಸೊಟ್ಟಗೆ ಬಿದ್ದಿತ್ತು. ಬರ್ರಿ, ಕುಂದರ್ರಿ ಎಂದು ಮಣೆ ಸರಿಸಿದಳು. ನನ್ನ ಹೊಟ್ಟೆ ನೋಡಿದಳು, ಎಷ್ಟನೆಯ ತಿಂಗಳು ಎಂದು ಕೇಳಲಿಲ್ಲ, ಆಕೆಗೆ ನೋಡಿದರೇ ತಿಳಿಯುತ್ತಿತ್ತು. ನಾನು ಅತ್ತುಕೊಂಡೇ ಹೇಳಿದೆ, ಇವತ್ತು ಉಡಿ ಒಲ್ಲೆ ಎಂದು ಬಂದಿದ್ದೇನೆ, ಇನ್ನು ಜನ್ಮದಲ್ಲಿ ಯಾರ ಉಡಿಯನ್ನೂ ತುಂಬಿಸಿಕೊಳ್ಳುವುದಿಲ್ಲ ಎಂದು. ಆಕೆ ಕೈಯಲ್ಲಿದ್ದ ಕಾಯಿಯನ್ನು ಹಲ್ಲಿನಿಂದ ಒಡೆದು, ಬೀಜ ಮೊರಕ್ಕೆ ಹಾಕಿದ ಮೇಲೆ ಮಾತಾಡಿದಳು.

“ಒಲ್ಲೆ ಅನ್ನಾದು ಅವತ್ತ ಅನ್ನಬೇಕಿತ್ರಿ. ಇವತ್ತ ಅಂದ್ರ ಯಾರಿಗೆ ಬಂತು? ಹೋಗ್ರಿ, ನಿಮ್ಮವ್ವ ಕಾಯಾಕತ್ತಿರ್ತಾಳ.”

ಎದ್ದು ಬಂದೆ. ಮುತ್ತೈದೆಯರು ಇನ್ನೂ ಕಾಯುತ್ತಿದ್ದರು. ಸೆರಗು ಒಡ್ಡು ಎಂದು ಅವ್ವ ಎರಡು ಸಲ ಹೇಳಿದಳು. ಒಡ್ಡಲಿಲ್ಲ. ಅದರಿಂದ ಆಯಮ್ಮನ ಕೈ ನೆಟ್ಟಗಾಗಲಿಲ್ಲ.