ಗಡಿಗೆ ಮೊದಲು ಬಿಚ್ಚಿಟ್ಟದ್ದು

ಇಲಿನಾಯ್ ಗಡಿಗೆ ಮೊದಲು, ಇಂಡಿಯಾನಾ ಹೆದ್ದಾರಿಯ ಕೊನೆಯ ರೆಸ್ಟ್ ಏರಿಯಾದಲ್ಲಿ, ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೊಮ್ಮಗಳು ಪಕ್ಕದಲ್ಲಿ ಚಕ್ಕುಲಿ ತಿನ್ನುತ್ತಿದ್ದಾಳೆ.

ಮಿಶಿಗನ್ನಿನ ಲಿವೋನಿಯಾದಲ್ಲಿ ತನ್ನ ಹೊಸ ಮನೆಯ ಗೃಹಪ್ರವೇಶ ಮುಗಿಸಿಕೊಂಡು, ತಂಗಿಯ ಮಗ ಸಂದೀಪ ನಮ್ಮಿಬ್ಬರನ್ನು ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿರುವ ನನ್ನ ಮಗಳ ಮನೆಗೆ ಬಿಡಲು ಹೊರಟಿದ್ದ. ಇಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಅಂಗಿ ಎತ್ತಿ ಸೊಂಟದಿಂದ ಪಿಸ್ತೂಲು ತೆಗೆದ. ಗುಂಡುಗಳನ್ನು ಬೇರೆ ಮಾಡಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

"ನನ್ನ ಮಿಶಿಗನ್ ಗನ್ ಪರ್ಮಿಟ್ ಇಲಿನಾಯ್‌ನಲ್ಲಿ ನಡೆಯಲ್ಲ ದೊಡ್ಡಮ್ಮ, ಅದಕ್ಕೆ. ಇಲ್ಲೀವರೆಗೂ ಎಲ್ಲಾ ಲೀಗಲ್ಲೇ."

"ನಿನ್ನೆ ಹೋಮಕ್ಕೆ ಕೂತಾಗಲೂ ಇತ್ತೇನೋ?"

"ಇತ್ತು. ಯಾರಿಗೂ ಗೊತ್ತಾಗ್ಲಿಲ್ವಲ್ಲ."

ಗೊತ್ತಾಗದೇ ಇದ್ದದ್ದು ತನ್ನ ಹೆಚ್ಚುಗಾರಿಕೆ ಅನ್ನುವ ಹಾಗೆ ನಕ್ಕ. ಚಪ್ಪಲಿ ಗರಾಜಿನಲ್ಲೇ ಬಿಡಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದವನು ಇವನೇ. ಊಟವಾದ ಮೇಲೆ ಈ ಮಗು ಇವನ ಬೆನ್ನೇರಿ ಕುದುರೆಯಾಟ ಆಡಿತ್ತು.

"ಇಲಿನಾಯ್ ಬೇಡ ಅಂದ್ರೆ ಬಿಚ್ಚಿಡ್ತೀಯ. ನನ್ನನ್ನ ಯಾವತ್ತು ಕೇಳ್ದೆ?"

"ದೊಡ್ಡಮ್ಮನ್ನ ಕೇಳಿ ಅಂತ ಕಾನೂನಲ್ಲಿ ಬರೆದಿಲ್ವಲ್ಲ."

ಮಗುವಿನ ಕಾರ್ ಸೀಟು ಬಿಚ್ಚಿ ಹೊರಗಿಟ್ಟು ಮಗಳಿಗೆ ಫೋನ್ ಮಾಡಿದೆ. ನಮ್ಮನ್ನು ಕರೆದೊಯ್ಯಲು ಆಫೀಸು ಬಿಟ್ಟು ಹೊರಟಿದ್ದಾಳೆ.

ಸಂದೀಪ ಇನ್ನೂ ಎದುರಿಗೇ ನಿಂತಿದ್ದಾನೆ. "ಬೀಗ ಹಾಕಿದೀನಲ್ಲ ದೊಡ್ಡಮ್ಮ, ಈಗೇನು ಭಯ? ಹತ್ತಿ" ಅಂತ ಒಂದೇ ಸಮ ಹೇಳುತ್ತಿದ್ದಾನೆ. ಆ ಬೀಗ ಹಾಕಿದ್ದು ಇಲಿನಾಯ್‌ಗೆ ಹೆದರಿ, ನಮ್ಮ ಮಗುವಿಗಾಗಿ ಅಲ್ಲ.