ಅರ್ಧ ಇಂಚಿನ ಆಯ

ಹೋದ ಶನಿವಾರದ ಮಾತು. ಮರುದಿನ ಹೊನ್ನಾಳಿಯ ಮದುವೆಮನೆಯಲ್ಲಿ ನಮ್ಮ ವಾದ್ಯಗೋಷ್ಠಿ. ಇತ್ತ ಬಡಗಿ ಮೌನೇಶಾಚಾರ್ರ ಅಂಗಡಿಯಲ್ಲಿ ನಾನು ಮೊಣಕಾಲೂರಿ ಕೂತಿದ್ದೇನೆ. ಹೊಸ ಪೆಟ್ಟಿಗೆಯೊಳಗೆ ನಾಲ್ಕನೇ ಪ್ಲೇಟು ಇಳಿಯಲೊಲ್ಲದು!

ಚನ್ನಗಿರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಬಿಡುವಿನಲ್ಲಿ ಸಿಂಥಸೈಜರ್ ಕಟ್ಟುತ್ತಿರುವುದು ನಿಮಗೆ ಗೊತ್ತು. (ಈ ಪುಟದಲ್ಲಿ ಸಾಕಷ್ಟು ಕೊರೆದಿದ್ದೇನೆ.) ಅದು ಕರೆಂಟಿನಿಂದ ದನಿ ಹುಟ್ಟಿಸುವ ವಾದ್ಯ. ಒಂದು ಮಾಡ್ಯೂಲು ದನಿ ಎಬ್ಬಿಸುತ್ತದೆ, ಒಂದು ಸೋಸುತ್ತದೆ, ಇನ್ನೊಂದು ಏರಿಸಿ ಇಳಿಸುತ್ತದೆ. ನಾಲ್ಕನೆಯದು ಎಲ್ಲಕ್ಕೂ ಕರೆಂಟು ಹಂಚುತ್ತದೆ. ಪ್ರತಿಯೊಂದಕ್ಕೂ ಮುಂದುಗಡೆ ಒಂದು ಅಲ್ಯೂಮಿನಿಯಂ ಪ್ಲೇಟು. ನಾಲ್ಕನ್ನೂ ಸಾಲಾಗಿ ಪೆಟ್ಟಿಗೆಯಲ್ಲಿ ಕೂರಿಸಿ ಸ್ಕ್ರೂ ಬಿಗಿಯಬೇಕು. ಇಲ್ಲವಾದರೆ ಬಸ್ಸಿನ ಕುಲುಕಾಟಕ್ಕೆ ತಂತಿಗಳೆಲ್ಲ ಕಿತ್ತುಬರುತ್ತವೆ.

ತಂಡದ ಕೊಳಲಿನವರು ಕೈಕೊಟ್ಟಿದ್ದರು. ಕೊಳಲಿನ ದನಿ ನಾನು ಕೊಡುತ್ತೇನೆಂದು ಎದೆ ತಟ್ಟಿಕೊಂಡಿದ್ದೆ. ತಂಡದ ಯಜಮಾನ ತಿಪ್ಪೇಸ್ವಾಮಿ ಖಡಾಖಂಡಿತವಾಗಿ ಹೇಳಿದ್ದರು: "ಪೆಟ್ಟಿಗೆ ಗಟ್ಟಿ ಇದ್ರೆ ಬಸ್ ಹತ್ರಿ ಮೇಷ್ಟ್ರೇ. ಇಲ್ಲಾಂದ್ರೆ ಶಿವಮೊಗ್ಗದಿಂದ ಬ್ಯಾರೆ ಕೊಳಲಿನವ್ರನ್ನ ಕರೆಸ್ತೀನಿ." ಆಮೇಲೆ ನನ್ನ ವಾದ್ಯವನ್ನು ಯಾರು ಕೇಳುತ್ತಾರೆ?

ಅಳತೆಪಟ್ಟಿ ಹಿಡಿದೆ. ಪೆಟ್ಟಿಗೆ ನಾನು ಹೇಳಿದ್ದಕ್ಕಿಂತ ಅರ್ಧ ಇಂಚು ಕಿರಿದು.

"ತಪ್ಪಲ್ಲ ರೀ, ಬೇಕಂತಲೇ ಮಾಡಿದ್ದು" ಎಂದರು ಆಚಾರ್ರು, ಬಲು ನೆಮ್ಮದಿಯಿಂದ. "ನಿಮ್ಮ ಅಳತೆ ಶುಭವೋ ಅಶುಭವೋ ಅಂತ ಆಯ ನೋಡಿದೆ. ಕತ್ತೆ ಆಯ ಬಂತು, ಕೆಟ್ಟದ್ದು. ಅರ್ಧ ಇಂಚು ಇಳಿಸಿದ್ರೆ ಆನೆ ಆಯ, ಒಳ್ಳೇದು. ಬಾಗಿಲು, ಮಂಚ ಎಲ್ಲಕ್ಕೂ ನೋಡ್ತೀವಿ. ಹಾಡೋ ಪೆಟ್ಟಿಗೆಗೆ ನೋಡದಿದ್ರೆ ಹೆಂಗೆ?"

"ಅಲ್ಲ ಆಚಾರ್ರೇ, ಒಳಗೆ ಇಡೋ ಸಾಮಾನು ಹಿಡೀಬೇಡವಾ?"

"ಅದು ನಿಮಗೆ ಬಿಟ್ಟಿದ್ದು. ಮತ್ತೆ ಕೊಯ್ಯಾಕೆ ಮಾತ್ರ ನಾನು ಒಲ್ಲೆ. ನನ್ನ ಕೈಯಿಂದ ಕತ್ತೆ ಆಯದ ಕೆಲಸ ಹೊರಗೆ ಹೋಗಿಲ್ಲ."

ಸಿಟ್ಟು ನೆತ್ತಿಗೇರಿತು. ಬೈದು ಬಿಡೋಣವೇ? ಬೈದರೆ ಪೆಟ್ಟಿಗೆ ಅಗಲವಾಗುತ್ತದೆಯೇ? ಊರಲ್ಲಿ ಬೇರೆ ಬಡಗಿ ಹಿಡಿಯಲು ಹೊತ್ತಿರಲಿಲ್ಲ. ಹಿಡಿದರೂ ಅವರೂ ಆಯ ನೋಡುವವರೇ!

ಆಗ ಲೆಕ್ಕ ಹಾಕಿದೆ. ಅರ್ಧ ಇಂಚೆಂದರೆ ಬಡಗಿಗಳ ಲೆಕ್ಕದಲ್ಲಿ ನಾಲ್ಕು ನೂಲು. ನನ್ನ ಪ್ಲೇಟೂ ನಾಲ್ಕು. ತಲಾ ಒಂದು ನೂಲು ಸವೆಸಿದರೆ? ಪೆಟ್ಟಿಗೆ ಬಗ್ಗದಿದ್ದರೆ ನಾನೇ ಬಗ್ಗುತ್ತೇನೆ, ನನ್ನ ಪ್ಲೇಟನ್ನೇ ಸವೆಸುತ್ತೇನೆ.

ಸೈಕಲ್ ಶಾಪಿನವರ ಮೇಜಿನ ಮೇಲೆ ಬಿಗಿಹಿಡಿಯುವ ವೈಸಿಗೆ ಪ್ಲೇಟು ಸಿಕ್ಕಿಸಿ ಅರ ಹಿಡಿದು ಉಜ್ಜಲು ನಿಂತೆ. ದಾರಿಹೋಕರೆಲ್ಲ ಇಣುಕಿದರು. "ಏನ್ ಮೇಷ್ಟ್ರೇ, ಸ್ಕೂಲ್ ಬಿಟ್ರಾ?" ಎಂದು ಒಬ್ಬರು ಕಾಲೆಳೆದರು. ನಾನು ತಲೆ ಎತ್ತದೆ ಉಜ್ಜುತ್ತಲೇ ಇದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಕರವಸ್ತ್ರ ಸುತ್ತಿಕೊಂಡೆ. ಹೊತ್ತು ಇಳಿಯುವಷ್ಟರಲ್ಲಿ ನಾಲ್ಕನೆಯ ಪ್ಲೇಟು ಸಣ್ಣಗೆ ಕಿರ್‍ರೆಂದು ಒಳಗೆ ಕೂತಿತು. ನನಗೆ ಅಳು ಬರುವಷ್ಟು ಖುಷಿಯಾಯಿತು.

ಹೊನ್ನಾಳಿಯಲ್ಲಿ ಪೆಟ್ಟಿಗೆ ನುಡಿಯಿತು. ಅಜ್ಜಿಯೊಬ್ಬರು ವೇದಿಕೆಯ ಹಿಂದೆ ಬಂದು, ಕೊಳಲು ಊದುವವರು ಎಲ್ಲಿ ಕೂತಿದ್ದಾರೆಂದು ಹುಡುಕಾಡಿದರು. ತಿಪ್ಪೇಸ್ವಾಮಿಯವರು ಅಲ್ಲೇ, "ಜಗಳೂರಿನ ಕಾರ್ಯಕ್ರಮಕ್ಕೂ ತರ್‍ರಿ. ಇನ್ನೊಂದು ಸಾಲು ಪ್ಲೇಟೂ ಸೇರಿಸ್ರಿ" ಎಂದರು.

ಆ ಹೊಸ ಸಾಲಿಗೆ ಪೆಟ್ಟಿಗೆ ಮಾಡಿಸಲು ನಿನ್ನೆ ಮತ್ತೆ ಆಚಾರ್ರ ಅಂಗಡಿಗೆ ಹೋಗಿದ್ದೆ. ಈ ಸಲ ಅಳತೆ ಹೇಳಲಿಲ್ಲ, ಕೇಳಿದೆ. "ನಿಮ್ಮ ಆಯಕ್ಕೆ ಯಾವುದು ಕೂಡುತ್ತದೋ ಮೊದಲು ಹೇಳಿಬಿಡಿ, ಪ್ಲೇಟು ಆಮೇಲೆ ಕತ್ತರಿಸ್ತೀನಿ." ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ವಿಜ್ಞಾನದ ಮೇಷ್ಟ್ರು ಸೋತರು ಎಂದು ನಗುತ್ತಿದ್ದಾರೆ.

ಇರಬಹುದು ಸ್ವಾಮಿ, ಆದರೆ ಹಟ ಗೆದ್ದು ವಾದ್ಯವನ್ನು ಮನೆಯಲ್ಲೇ ಬಿಟ್ಟುಹೋಗಿದ್ದರೆ ಆ ಅಜ್ಜಿ ಯಾರನ್ನು ಹುಡುಕುತ್ತಿದ್ದರು?