ವಫ್ರಾದ ನೀರು ಶುದ್ಧವಾಗಿತ್ತು

ಹಸನಬ್ಬನವರ ತೋಟದ ಸೌತೆಕಾಯಿಯಲ್ಲಿ ದೋಷವಿರಲಿಲ್ಲ. ಅದನ್ನು ತೊಳೆದ ನೀರಿನಲ್ಲೂ ಇರಲಿಲ್ಲ. ಇತ್ತು ಎಂದು ಬರೆದು ಸಹಿ ಹಾಕಿದವಳು ನಾನು. ಇಲ್ಲವೆಂದು ಹೇಳುವ ಪ್ರಯೋಗಾಲಯದ ಕಾಗದ ಆ ಹೊತ್ತಿಗಾಗಲೇ ನನ್ನ ಕೈಚೀಲದಲ್ಲಿತ್ತು. ಇದನ್ನು ಆತುರವೆಂದೋ, ಒತ್ತಡವೆಂದೋ ಕರೆದುಕೊಳ್ಳಲು ಬಹಳ ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ಅದು ಸುಳ್ಳು — ಅಷ್ಟೇ.

ನಾನು ಚನ್ನರಾಯಪಟ್ಟಣದ ಕಡೆಯವಳು. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ, ಮದುವೆಯಾಗಿ, ಗಂಡನ ಹಿಂದೆ ಕುವೈತಿಗೆ ಬಂದವಳು. ಅವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆ ಅಬು ಹಲೀಫಾದಲ್ಲಿ. ನನ್ನ ಕೆಲಸವೂ ಶುಐಬಾದಲ್ಲೇ, ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ. ಆಹಾರ ಸುರಕ್ಷತೆಯ ಅಧಿಕಾರಿ ಎಂದು ನನ್ನ ಹುದ್ದೆಯ ಹೆಸರು. ಬಿಡಿಸಿ ಹೇಳಿದರೆ, ಸರಿಯಿಲ್ಲದ ಊಟ ಬಾಗಿಲು ದಾಟುವ ಮೊದಲು 'ನಿಲ್ಲಿಸಿ' ಎನ್ನುವವಳು. ಅದೊಂದನ್ನು ಹೇಳುವುದಕ್ಕೇ ನನಗೆ ಸಂಬಳ.

ಹಸನಬ್ಬನವರು ಬಂಟ್ವಾಳದ ಕಡೆಯ ಬ್ಯಾರಿಗಳು. ಕುವೈತಿನ ದಕ್ಷಿಣ ಗಡಿಯ ಹತ್ತಿರ, ವಫ್ರಾದ ಒಂದು ತೋಟದಲ್ಲಿ ಹದಿನಾರು ವರ್ಷದಿಂದ ಉಸ್ತುವಾರಿ. ತೋಟದ ಯಜಮಾನ, ಅವರ ವೀಸಾಕ್ಕೆ ಹೊಣೆಯಾದ ಕಫೀಲ್, ಒಬ್ಬ ವಯಸ್ಸಾದ ಕುವೈತಿ. ಎಲ್ಲರೂ ಅವರನ್ನು 'ಬಾಬಾ' ಎನ್ನುತ್ತಿದ್ದರು. ಮರಳುಗಾಡಿನ ಬೇಸಿಗೆಯಲ್ಲಿ ಸೌತೆಕಾಯಿ ಬೆಳೆಯುವುದೆಂದರೆ ಕರೆಂಟನ್ನೇ ಬೆಳೆಯಾಗಿ ತೆಗೆದ ಹಾಗೆ. ಹಸಿರುಮನೆಯ ಒಂದು ಕೊನೆಯಲ್ಲಿ ನೀರು ಇಳಿಯುವ ಒದ್ದೆ ರಟ್ಟಿನ ಗೋಡೆ, ಇನ್ನೊಂದು ಕೊನೆಯಲ್ಲಿ ಆಳೆತ್ತರದ ಫ್ಯಾನುಗಳು. ಅವು ನಿಂತರೆ ಬಳ್ಳಿ ನಿಂತ ಹಾಗೆಯೇ ಬೇಯುತ್ತದೆ. ಇಷ್ಟು ಮಾಡಿ ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ದರೆ, ಗಡಿಯಾಚೆಯಿಂದ ಲಾರಿಗಳಲ್ಲಿ ಬಂದ ಅಗ್ಗದ ಕಾಯಿಯ ಪಕ್ಕದಲ್ಲಿ ಕೇಳುವವರಿಲ್ಲ. ಹಾಗಾಗಿ ನೇರವಾಗಿ ಕೊಳ್ಳುವ ನಮ್ಮಂಥ ಅಡುಗೆಮನೆಗಳನ್ನು ನಂಬಿ ಆ ತೋಟ ಉಸಿರಾಡುತ್ತಿತ್ತು. ನಾವೇ ಅವರ ದೊಡ್ಡ ಗಿರಾಕಿ.

ಒಮ್ಮೆ ಬೆಳಿಗ್ಗೆ ಅವರೇ ಫೋನ್ ಮಾಡಿದ್ದರು. "ಮೇಡಂ, ಇವತ್ತಿನ ಗಾಡಿ ದಾರಿಯಲ್ಲಿ ಹಾಳಾಗಿ ಬಿಸಿಲಿಗೆ ನಿಂತಿತ್ತಂತೆ. ಮುಳ್ಳುಸೌತೆ ನೋಡ್ಲಿಕ್ಕೆ ಚಂದ ಉಂಟು, ಆದ್ರೆ ತಗೊಳ್ಬೇಡಿ. ವಾಪಸ್ ಕಳಿಸಿ." ತನ್ನ ಮಾಲನ್ನು ತಾನೇ ಬೇಡವೆನ್ನುವ ಮಾರಾಟಗಾರನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆ. ವಿದ್ಯುತ್ ಸಾಲದೆ ಕೈಗಾರಿಕಾ ಪ್ರದೇಶಗಳಲ್ಲೂ ತೋಟಗಳಲ್ಲೂ ಮಧ್ಯಾಹ್ನದ ಹೊತ್ತು ಸರದಿಯಂತೆ ಕರೆಂಟ್ ತೆಗೆಯುತ್ತಿದ್ದರು. ನಮ್ಮಲ್ಲಿ ಜನರೇಟರ್ ಇತ್ತು. ಆದರೆ ಎಲ್ಲ ಕೋಲ್ಡ್ ರೂಮುಗಳನ್ನೂ ಅದರ ಮೇಲೆ ನಡೆಸಿದರೆ ಡೀಸೆಲ್ ಖರ್ಚು ಏರುತ್ತದೆ. ಊಟದ ದರವೋ, ಗುತ್ತಿಗೆ ಹಿಡಿಯುವ ಆಸೆಯಲ್ಲಿ ಮೊದಲೇ ಇಳಿಸಿ ಒಪ್ಪಿಕೊಂಡದ್ದು. ನಮ್ಮ ಮ್ಯಾನೇಜರ್ ಜಗನ್ನಾಥ್, ಉಡುಪಿಯ ಕಡೆಯವರು, ಹೋಟೆಲುಗಳಲ್ಲೇ ಬೆಳೆದು ಮೇಲೆ ಬಂದವರು, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮಾಂಸದ ರೂಮು ಮಾತ್ರ ಜನರೇಟರಿನ ಮೇಲೆ ಇರ್ಲಿ ವನಜಾ. ಸಲಾಡಿನ ರೂಮಿಗೆ ಎಂತ ಆಗುವುದಿಲ್ಲ. ಬಾಗಿಲು ತೆರೆಯದಿದ್ರೆ ಆಯ್ತು, ತಂಪು ಹಾಗೇ ಉಳೀತದೆ."

ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೊಸರು ಬೆರೆಸಿದ ಸೌತೆಕಾಯಿ ಸಲಾಡ್ ಬೆಚ್ಚಗಾದರೆ ಏನಾಗುತ್ತದೆಂದು ಹೊಸ ಅಡುಗೆಯವರಿಗೆ ಪಾಠ ಮಾಡುವವಳೇ ನಾನು. 'ನಿಲ್ಲಿಸಿ' ಎನ್ನಬೇಕಾದ ಜಾಗ ಅದಾಗಿತ್ತು. ನಾನು — ಆಗಲೆಂದು ತಲೆಯಾಡಿಸಿದೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಆಗಲಿಲ್ಲ. ಏನೂ ಆಗದ ದಿನಗಳು ಮನುಷ್ಯನನ್ನು ಎಷ್ಟು ಬೇಗ ಕೆಡಿಸುತ್ತವೆ! ಮೂರನೆಯ ದಿನ ಆ ಕೋಣೆಯ ಬಾಗಿಲಿಗೂ ಹೋಗದೆ, ಹಾಳೆಯಲ್ಲಿ 'ನಾಲ್ಕು ಡಿಗ್ರಿ' ಎಂದು ಬರೆದುಬಿಟ್ಟೆ. ಜಗನ್ನಾಥ್ ಬರೆಯಲು ಹೇಳಿರಲಿಲ್ಲ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ನನಗೆ ಸುಲಭ.

ಅದರ ಮಾರನೆಯ ದಿನ ಒಂದು ಕ್ಯಾಂಪಿನಿಂದ ಫೋನ್ ಬಂತು. ವಾಂತಿ, ಭೇದಿ, ಜ್ವರ. ಕೋಣೆ ಕೋಣೆಯೇ ಮಲಗಿತ್ತು. ಆಂಬುಲೆನ್ಸ್ ಎರಡು ಸಲ ಬಂದು ಹೋಯಿತಂತೆ. ಯಾರೂ ಸಾಯಲಿಲ್ಲ. ಆ ವಾಕ್ಯವನ್ನು ಎಷ್ಟೋ ದಿನ ಜಪದ ಹಾಗೆ ಹೇಳಿಕೊಂಡಿದ್ದೇನೆ — ಯಾರೂ ಸಾಯಲಿಲ್ಲ, ಯಾರೂ ಸಾಯಲಿಲ್ಲ.

ಗುತ್ತಿಗೆ ಕೊಟ್ಟವರು ಕಾರಣ ಕೇಳಿದರು. ಜಗನ್ನಾಥ್ ಮತ್ತೆ ಬಂದರು.

"ಆ ತೋಟದಲ್ಲಿ ಕಾಯಿ ತೊಳೀತಾರಲ್ಲ, ಯಾವ ನೀರು ಅದು? ಟ್ಯಾಂಕಿನದ್ದಲ್ವಾ? ಅಲ್ಲೇ ಏನೋ ಉಂಟು. ಹೋಗಿ ನೋಡಿ, ಒಂದು ರಿಪೋರ್ಟ್ ಬರೀರಿ. ಖಲಾಸ್." ಆಮೇಲೆ ಸ್ವರ ತಗ್ಗಿಸಿ, "ಇಲ್ಲದಿದ್ರೆ ಉಷ್ಣಾಂಶದ ಹಾಳೆ ಕೇಳ್ತಾರೆ ಮಾರಾಯ್ರೆ. ಅದರಲ್ಲಿ ಸಹಿ ನಿಮ್ಮದು."

ವಫ್ರಾಕ್ಕೆ ಹೋದೆ. ಆಗ ಅಲ್ಲೂ ಕರೆಂಟ್ ಇರಲಿಲ್ಲ. ಹಸನಬ್ಬನವರು ಹಳೆಯ ಜನರೇಟರಿಗೆ ಎರಡೇ ಫ್ಯಾನು ಜೋಡಿಸಿ, ಕೊಯ್ದಿಟ್ಟ ಕಾಯಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಅದು ಒಣಗದಂತೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದರು. ಜೊತೆಗೆ ಮೂವರು ಬಾಂಗ್ಲಾದೇಶದ ಕೆಲಸಗಾರರು. ನಾನು ಬಂದ ಕಾರಣ ಹೇಳಿದಾಗ ಹಸನಬ್ಬನವರ ಮುಖ ಬಿಳಿಚಿಕೊಂಡಿತು. ಆದರೂ ತಾವೇ ಮುಂದೆ ನಡೆದು ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದರು.

"ಬಾವಿಯ ನೀರು ಉಪ್ಪು ಮೇಡಂ, ಅದು ಬಳ್ಳಿಗೆ ಸಹ ಹಾಗೇ ಹಾಕುವುದಿಲ್ಲ. ತೊಳೀಲಿಕ್ಕೆ ಟ್ಯಾಂಕರಲ್ಲಿ ಬರುವ ಸಿಹಿನೀರು. ನಾವು ಕುಡಿಯುವುದು ಕೂಡ ಇದನ್ನೇ." ಒಂದು ಲೋಟ ತುಂಬಿ ನನ್ನ ಎದುರೇ ಕುಡಿದರು. "ನೀವು ನಿಮ್ಮ ಕಣ್ಣಲ್ಲಿ ನೋಡಿದ್ರಲ್ಲ? ಇನ್ನು ನನಗೆ ಹೆದರಿಕೆ ಇಲ್ಲ. ನೀವು ಕಂಡದ್ದು ಬರೆದ್ರೆ ಸಾಕು."

ಕಂಡದ್ದು ಬರೆದರೆ ಸಾಕು. ಆ ಮನುಷ್ಯ ನನ್ನಲ್ಲಿ ಕೇಳಿದ್ದು ಅಷ್ಟನ್ನೇ.

ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಶುದ್ಧ ಎಂದು ವರದಿ ಬಂತು. ಅದನ್ನು ಓದಿ, ಮಡಿಸಿ, ಕೈಚೀಲದ ಒಳಜೇಬಿನಲ್ಲಿಟ್ಟೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಬರೆದೆ: 'ಸಂಭವನೀಯ ಮೂಲ — ತೋಟದಲ್ಲಿ ತೊಳೆಯಲು ಬಳಸಿದ ಅಶುದ್ಧ ನೀರು.' 'ಸಂಭವನೀಯ' ಎಂಬ ಪದವನ್ನು ಸೇರಿಸಿದ್ದರಿಂದ ಸುಳ್ಳು ಸ್ವಲ್ಪ ಕಡಿಮೆಯಾಯಿತೆಂದು ಅನಿಸಿತ್ತು. ಈ ದೇಶದಲ್ಲಿ ಉಳಿಯಲು ಬೇಕಾದ ನಮ್ಮ ಇಕಾಮಾ, ಮಗಳ ಶಾಲೆ, ನನ್ನ ಹೆಸರು — ಇವೆಲ್ಲ ಕಣ್ಣ ಮುಂದೆ ಬಂದವು. ಲೋಟದಲ್ಲಿ ನೀರು ಕುಡಿದ ಮನುಷ್ಯ ಬರಲಿಲ್ಲ. ಬರಗೊಡಲಿಲ್ಲ ಎಂದು ಹೇಳುವುದೇ ಸರಿ.

ಆ ತೋಟದಿಂದ ಕೊಳ್ಳುವುದನ್ನು ನಾವು ನಿಲ್ಲಿಸಿದೆವು. ಹಸನಬ್ಬನವರು ಮೂರು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ನಾಲ್ಕನೆಯ ಸಲ ಅವರು ಮಾಡಲಿಲ್ಲ.

ಕಳೆದ ಚಳಿಗಾಲದಲ್ಲಿ ಮಗಳ ಗೆಳತಿಯ ಹುಟ್ಟುಹಬ್ಬ. ವಾರಾಂತ್ಯಕ್ಕೆ ಬಾಡಿಗೆಗೆ ಕೊಡುವ ವಫ್ರಾದ ತೋಟದಮನೆಯೊಂದರಲ್ಲಿ ಎಂದು ಕರೆದಿದ್ದರು. ಇತ್ತೀಚೆಗೆ ಅಲ್ಲಿ ಎಷ್ಟೋ ತೋಟಗಳು ಹಾಗಾಗಿವೆ. ಕಾಯಿ ಬೆಳೆಯುವುದಕ್ಕಿಂತ ಪಾರ್ಟಿಗೆ ಕೊಡುವುದು ಲೇಸು. ಗೇಟಿನೊಳಗೆ ಕಾರು ತಿರುಗಿದಾಗಲೂ ನನಗೆ ಗುರುತು ಹತ್ತಲಿಲ್ಲ. ಪ್ಲಾಸ್ಟಿಕ್ಕಿನ ಹುಲ್ಲುಹಾಸು, ಬೆಚ್ಚಗಿನ ನೀರಿನ ಈಜುಕೊಳ, ಮರಮರಕ್ಕೂ ಬಣ್ಣದ ದೀಪ, ಗಾಜಿನ ಡೇರೆಗಳಲ್ಲಿ ಹೀಟರು. ಫ್ಯಾನಿಗೆ ಸಾಲದೆ ಹೋದ ಕರೆಂಟ್ ಇಲ್ಲಿ ಹಗಲಲ್ಲೇ ಉರಿಯುತ್ತಿತ್ತು. ಕೊಳದ ಅಂಚಿನಲ್ಲಿ ಬಲೆ ಹಿಡಿದು ಎಲೆ ತೆಗೆಯುತ್ತಿದ್ದವರು ತಿರುಗಿ ನೋಡಿದರು. ಹಸನಬ್ಬನವರು.

"ಮೇಡಂ! ನೀವಾ?"

ಓಡಿಹೋಗಬೇಕೆನಿಸಿತು. ಅವರು ಕುರ್ಚಿ ತಂದು ಹಾಕಿ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಕೇಳದೆಯೇ ಹೇಳಿದರು. ನಮ್ಮ ಸುದ್ದಿ ಹಬ್ಬಿ ಬೇರೆ ಅಡುಗೆಮನೆಗಳೂ ಬೇಡವೆಂದವಂತೆ. ಬಾಬಾನ ಮಕ್ಕಳು ಮೊದಲಿನಿಂದಲೂ ತೋಟ ಮುಚ್ಚೋಣ ಎನ್ನುತ್ತಿದ್ದವರು. ಈ ಸಲ ಬಾಬಾ ಕೂಡ ಒಪ್ಪಿಬಿಟ್ಟರು. ಹಸಿರುಮನೆಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಬಾಂಗ್ಲಾದೇಶದ ಮೂವರನ್ನೂ ಊರಿಗೆ ಕಳಿಸಿದರು. "ನನ್ನನ್ನು ಮಾತ್ರ ಇಟ್ಕೊಂಡ್ರು. ಈ ಪ್ರಾಯದಲ್ಲಿ ಎಲ್ಲಿಗೆ ಹೋಗುವುದು?"

ಏನಾದರೂ ಹೇಳಬೇಕಿತ್ತು. ನಾನು ಚಹಾ ಕುಡಿಯುತ್ತಿದ್ದೆ.

"ಒಂದು ಕೇಳ್ಬೇಕಿತ್ತು ಮೇಡಂ," ಎಂದರು. "ಆ ಕ್ಯಾಂಪಿನ ಜನ ಎಲ್ಲ ಗುಣ ಆದ್ರಲ್ಲ? ಯಾರಿಗೂ ಎಂತ ಉಳೀಲಿಲ್ಲ ಅಲ್ವಾ? ನಾನು ಎಷ್ಟು ಯೋಚನೆ ಮಾಡಿದ್ರೂ ತಪ್ಪು ಎಲ್ಲಾಯ್ತು ಅಂತ ಗೊತ್ತಾಗುವುದಿಲ್ಲ. ಆ ದಿನ ಟ್ಯಾಂಕರೇ ಕೆಟ್ಟದಿತ್ತೋ ಏನೋ. ನಮಾಜಿಗೆ ನಿಂತಾಗ ಅದೇ ಬರ್ತದೆ — ನನ್ನ ಕೈಯಿಂದ ಅಷ್ಟು ಜನರಿಗೆ..."

ಅಂದರೆ ಇಷ್ಟು ಕಾಲವೂ ನನ್ನ ಪಾಪವನ್ನು ಅವರು ಹೊತ್ತಿದ್ದರು. ಸಿಟ್ಟಿನಿಂದಲ್ಲ, ಪಶ್ಚಾತ್ತಾಪದಿಂದ. "ಎಲ್ಲರೂ ಗುಣವಾದರು ಹಸನಬ್ಬ ಭಾಯಿ," ಎಂದಷ್ಟೇ ಹೇಳಿದೆ. ಅಲ್ಲಿಯೇ ಬಾಯಿಬಿಡಬಹುದಿತ್ತು. ಮಕ್ಕಳು ಕೇಕ್ ಕತ್ತರಿಸಲು ಕರೆದರು, ನಾನು ಎದ್ದುಹೋದೆ. ಮೊದಲ ಸುಳ್ಳನ್ನು ಹೆದರಿ ಹೇಳಿದ್ದೆ. ಈ ಮೌನಕ್ಕೆ ಆ ನೆಪವೂ ಇಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು, "ಈಗ ಹೇಳಿದ್ರೆ ತೋಟ ವಾಪಸ್ ಬರುತ್ತಾ?" ಎಂದರು. ಬರುವುದಿಲ್ಲ. "ಮತ್ತೆ ಯಾರಿಗೋಸ್ಕರ ಹೇಳ್ತೀಯಾ?" ಎಂದರು. ಆ ಪ್ರಶ್ನೆ ನನ್ನನ್ನು ಎರಡು ವಾರ ಕಟ್ಟಿಹಾಕಿತು. ಕೊನೆಗೆ ಹೊಳೆದದ್ದು ಇಷ್ಟೇ: ನನ್ನ ಮನಸ್ಸು ಹಗುರವಾಗಲೆಂದು ಹೇಳುವುದಾದರೆ ಹೇಳಬಾರದು. ಆದರೆ ಅವರು ಹೊತ್ತಿರುವುದನ್ನು ಇಳಿಸಲು ನನ್ನೊಬ್ಬಳಿಂದ ಮಾತ್ರ ಸಾಧ್ಯ.

ಒಂದು ಶನಿವಾರ ಬೆಳಿಗ್ಗೆ ಆ ಕಾಗದ ತೆಗೆದುಕೊಂಡು ಹೋದೆ. ಕೊಳದ ಬಳಿಯೇ ನಿಂತು ಹೇಳಿದೆ. ಕೋಲ್ಡ್ ರೂಮ್, ನಾಲ್ಕು ಡಿಗ್ರಿ, ಒಳಜೇಬು — ಒಂದನ್ನೂ ಬಿಡಲಿಲ್ಲ. ಹಸನಬ್ಬನವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ನಮ್ಮ ನೀರು ಸರಿ ಇತ್ತು?"

"ಸರಿ ಇತ್ತು."

"ನಿಮಗೆ ಆಗಲೇ ಗೊತ್ತಿತ್ತು?"

"ಗೊತ್ತಿತ್ತು."

ಅವರು ಆ ಕಡೆ ತಿರುಗಿ ನಿಂತರು. "ಈಗ ಹೋಗಿ ಮೇಡಂ," ಎಂದರು. "ಇನ್ನು ಸ್ವಲ್ಪ ಹೊತ್ತು ನಿಂತ್ರೆ ನನ್ನ ಬಾಯಿಂದ ಶಾಪದ ಮಾತು ಬಂದೀತು. ನಿಮ್ಮ ಮನೆಯಲ್ಲಿ ಹೆಣ್ಣು ಮಗು ಉಂಟು."

ಮರುದಿನ, ಭಾನುವಾರ ಇಲ್ಲಿ ಕೆಲಸದ ದಿನ, ಆಫೀಸಿನಲ್ಲಿ ಕೂತು ನಡೆದದ್ದನ್ನೆಲ್ಲ ಬರೆದು, ಪ್ರಯೋಗಾಲಯದ ವರದಿಯ ಪ್ರತಿ ಜೋಡಿಸಿ, ಕಂಪನಿಗೂ ಗುತ್ತಿಗೆ ಕೊಟ್ಟವರಿಗೂ ಕಳಿಸಿದೆ. ಜಗನ್ನಾಥ್ ನನ್ನೊಡನೆ ಮಾತು ಬಿಟ್ಟರು. ವಿಚಾರಣೆ ಇನ್ನೂ ಮುಗಿದಿಲ್ಲ. ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಏನು ತೀರ್ಮಾನಿಸಿದರೂ ಅದಕ್ಕೆ ನಾನು ಬದ್ಧಳು.

ಮುಂದಿನ ವಾರ ಹಸನಬ್ಬನವರೇ ಫೋನ್ ಮಾಡಿದರು. "ನನಗೆ ಹೇಳಿದ್ದು ಆಯ್ತು. ಬಾಬಾನಿಗೂ ಗೊತ್ತಾಗ್ಬೇಕು. ನಾನು ಹೇಳಿದ್ರೆ ಆಗ್ಲಿಕ್ಕಿಲ್ಲ, ನೀವೇ ಬರ್ಬೇಕು."

ಬಾಬಾ ಈಗ ಹಾಸಿಗೆ ಹಿಡಿದಿದ್ದಾರೆ. ಅವರ ಮನೆಯಲ್ಲಿ, ಅವರ ಮಂಚದ ಪಕ್ಕದಲ್ಲಿ ನಿಂತು ನಾನು ಹೇಳುತ್ತ ಹೋದೆ. ಹಸನಬ್ಬನವರು ಅರಬ್ಬಿಯಲ್ಲಿ ತಿಳಿಸುತ್ತ ಹೋದರು. ಮುದುಕರು ಕಣ್ಣು ಮುಚ್ಚಿಕೊಂಡು ಕೇಳಿದರು. ಎಲ್ಲ ಮುಗಿದ ಮೇಲೆ ಕೈಚಾಚಿ ಹಸನಬ್ಬನವರ ಮಣಿಕಟ್ಟು ಹಿಡಿದು, ಮೆಲ್ಲಗೆ ಏನೋ ಕೇಳಿದರು. ಹಸನಬ್ಬನವರು ಬಗ್ಗಿ ಒಂದೇ ಪದದಲ್ಲಿ ಉತ್ತರಿಸಿದರು. ಮುದುಕರ ಮುಖ ಸಡಿಲವಾಯಿತು.

ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಕೇಳಿದೆ, "ಬಾಬಾ ಏನು ಕೇಳಿದರು?"

"'ಹಸನ್, ಆವತ್ತು ನಾನು ನಿನ್ನನ್ನು ನಂಬಿದ್ದೆ, ಅಲ್ವಾ?' ಅಂತ ಕೇಳಿದ್ರು."

"ನೀವೇನಂದಿರಿ?"

"ಹೌದು ಅಂದೆ."

ಅವರು ರಸ್ತೆಯ ಕಡೆ ತಿರುಗಿದರು.

"ನಂಬಿರ್ಲಿಲ್ಲ ಮೇಡಂ," ಎಂದರು.